ಜೀಪಿನ ಸಿಬಿ ಆಂಟೆನಾ: ಕೇಬಲ್ ಬದಲಿಸುವ ಮೊದಲು ಪೇಂಟು ಕೆರೆಯಿರಿ

ಪ್ರಶ್ನೆ: ಸರ್, ನಾನು ಅಮೆರಿಕದ ಫೀನಿಕ್ಸ್‌ನಲ್ಲಿದ್ದೇನೆ. ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಜೆಕೆ ಇದೆ. ಗೆಳೆಯರೆಲ್ಲ ಸೇರಿ ಯೂಟಾದ ಮೋಆಬ್‌ಗೆ ಹೊರಟಿದ್ದೇವೆ, ಎಲ್ಲರ ಗಾಡಿಯಲ್ಲೂ ಸಿಬಿ ರೇಡಿಯೋ (ಗಾಡಿಯಿಂದ ಗಾಡಿಗೆ ಮಾತಾಡುವ ಸಿಟಿಜನ್ ಬ್ಯಾಂಡ್ ಸೆಟ್ಟು) ಇರಲಿ ಅಂದಿದ್ದಾರೆ. ಸ್ಟೆಪ್ನಿ ಹಿಂದೆ ಬ್ರಾಕೆಟ್ ಹಾಕಿ ನಾಲ್ಕಡಿ ಫೈಬರ್‌ಗ್ಲಾಸ್ ಆಂಟೆನಾ ನಿಲ್ಲಿಸಿದ್ದೇನೆ. ಕೇಬಲ್ 18 ಅಡಿ, ಉಳಿದದ್ದನ್ನು ಸೀಟಿನ ಕೆಳಗೆ ಸುತ್ತಿಟ್ಟಿದ್ದೇನೆ. ಪವರ್ ಸಿಗರೇಟ್ ಲೈಟರ್‌ನಿಂದ. ಬೇರೆಯವರ ಮಾತು ಕೇಳಿಸುತ್ತೆ, ನನ್ನದು ಮಾತ್ರ ಅರ್ಧ ಮೈಲಿ ದಾಟಲ್ಲ. ಮೀಟರ್ ಹಾಕಿ ನೋಡಿದರೆ ಎಲ್ಲ ಚಾನೆಲ್‌ನಲ್ಲೂ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅಂತ ತೋರಿಸುವ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) 3ಕ್ಕಿಂತ ಜಾಸ್ತಿ. ಒಳ್ಳೆಯ ಕೇಬಲ್ ಹಾಕಬೇಕಾ, ರೇಡಿಯೋನೇ ಹೋಗಿದೆಯಾ? ಇನ್ನೊಂದು, ಇದೇ ಸೆಟ್ಟನ್ನು ಊರಿಗೆ ತಂದು ತಮ್ಮನ ಥಾರ್‌ಗೆ ಹಾಕಬಹುದಾ?

ಉತ್ತರ: ರೇಡಿಯೋ ಹೋಗಿರುವ ಸಾಧ್ಯತೆ ಕಡಿಮೆ. ಕೇಬಲ್ಲೂ ಬಹುಶಃ ಚೆನ್ನಾಗಿಯೇ ಇದೆ. ನೀವು ಬರೆದಿರುವುದರಲ್ಲಿ ನನಗೆ ಬೇಕಾದ ಸುಳಿವು ಒಂದೇ: ಎಲ್ಲ ಚಾನೆಲ್‌ನಲ್ಲೂ 3ಕ್ಕಿಂತ ಜಾಸ್ತಿ. ಆಂಟೆನಾದ ಉದ್ದ ಸ್ವಲ್ಪ ಹೆಚ್ಚುಕಡಿಮೆ ಆಗಿದ್ದರೆ 1ನೇ ಚಾನೆಲ್‌ಗೂ 40ನೇ ಚಾನೆಲ್‌ಗೂ ನಡುವೆ ವ್ಯತ್ಯಾಸ ಕಾಣಿಸುತ್ತಿತ್ತು, ಒಂದು ಕಡೆ ಕೆಟ್ಟದಾಗಿ, ಇನ್ನೊಂದು ಕಡೆ ಸ್ವಲ್ಪ ವಾಸಿ ಅನ್ನುವ ಹಾಗೆ. ಈ ತುದಿಯಿಂದ ಆ ತುದಿಗೆ ಒಂದೇ ಸಮ ಕೆಟ್ಟಿದೆ ಅಂದರೆ, ಒಂದೋ ಆಂಟೆನಾದ ಬುಡ ಗಾಡಿಯ ಬಾಡಿಗೆ ಸರಿಯಾಗಿ ತಾಗಿಲ್ಲ, ಇಲ್ಲವೇ ಬುಡದಲ್ಲೇ ಎಲ್ಲೋ ಶಾರ್ಟ್ ಆಗಿದೆ. ಸ್ಟೆಪ್ನಿ ಹಿಂದೆ ಬ್ರಾಕೆಟ್ ಹಾಕಿದವರಲ್ಲಿ ಬಹಳ ಮಂದಿಗೆ ಮೊದಲನೆಯ ತೊಂದರೆಯೇ ಇರುತ್ತದೆ.

ಅದು ಸರಿಹೋಗುವ ತನಕ ಮೈಕಿನ ಗುಂಡಿ ಒತ್ತಿಕೊಂಡು ಉದ್ದುದ್ದ ಮಾತಾಡಬೇಡಿ. ಆಂಟೆನಾ ತೆಗೆದುಕೊಳ್ಳದ ಪವರ್ ವಾಪಸ್ ಬರುತ್ತದೆ, ಸೆಟ್ಟಿನ ಕೊನೆಯ ಹಂತದ ಟ್ರಾನ್ಸಿಸ್ಟರ್ ಬಿಸಿಯಾಗುತ್ತದೆ. ಹಾಗೇ ಎಳೆದಾಡಿದರೆ ರೇಡಿಯೋ ನಿಜವಾಗಿಯೂ ಹೋಗುತ್ತದೆ.

ಮೊದಲು ಆ ನಾಲ್ಕಡಿ ಕೋಲು ಏನು ಮಾಡುತ್ತಿದೆ ಅಂತ ನೋಡೋಣ. ಅಮೆರಿಕದ ಸಿಬಿಯ 40 ಚಾನೆಲ್‌ಗಳು 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ ಹರಡಿವೆ. ಹೈವೇಯಲ್ಲಿ ಟ್ರಕ್ ಚಾಲಕರು ಮಾತಾಡುವ 19ನೇ ಚಾನೆಲ್ 27.185ರಲ್ಲಿದೆ. ಅಲ್ಲಿ ಅಲೆಯ ಉದ್ದ ಸುಮಾರು 11 ಮೀಟರ್. ಗಾಡಿಯ ಆಂಟೆನಾ ಅದರಲ್ಲಿ ಕಾಲು ಭಾಗ ಇರಬೇಕು, ಅಂದರೆ 2.75 ಮೀಟರ್, ನಮ್ಮ ಲೆಕ್ಕದಲ್ಲಿ ಒಂಬತ್ತು ಅಡಿ. ಹಳೆಯ ಕಾಲದವರು ಇವತ್ತಿಗೂ 102 ಇಂಚಿನ ಸ್ಟೀಲ್ ಕೋಲು, ಅದರ ಬುಡಕ್ಕೆ 6 ಇಂಚಿನ ಸ್ಪ್ರಿಂಗು ಹಾಕಿಕೊಂಡು ತಿರುಗುವುದು ಇದಕ್ಕೇ, ಎರಡೂ ಸೇರಿದರೆ ಸರಿಯಾಗಿ ಒಂಬತ್ತು ಅಡಿ. ಅಷ್ಟುದ್ದದ್ದನ್ನು ಹೊತ್ತುಕೊಂಡು ಮರದ ಕೆಳಗೆ, ಪೆಟ್ರೋಲ್ ಬಂಕಿನ ಚಾವಣಿ ಕೆಳಗೆ ನುಗ್ಗುವುದು ಕಷ್ಟ ಅಲ್ವಾ? ಅದಕ್ಕೇ ಫೈಬರ್‌ಗ್ಲಾಸ್ ಕೋಲಿನ ಸುತ್ತ ವೈರು ಸುತ್ತಿ, ನಾಲ್ಕಡಿಯನ್ನೇ ಒಂಬತ್ತಡಿ ಅಂತ ರೇಡಿಯೋಗೆ ನಂಬಿಸುತ್ತಾರೆ.

ಆದರೆ ಇಷ್ಟೂ ಸೇರಿ ಅರ್ಧ ಆಂಟೆನಾ ಮಾತ್ರ. ಉಳಿದರ್ಧ ನಿಮ್ಮ ಜೀಪಿನ ಬಾಡಿ. ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ. ಕೋಲಿನ ಕಡೆಗೆ ಎಷ್ಟು ಕರೆಂಟ್ ಹೋಗುತ್ತದೋ ಅಷ್ಟೇ ಕರೆಂಟ್ ಕೇಬಲ್ಲಿನ ಹೊರಗಿನ ಜಾಲರಿಯಿಂದ ಬ್ರಾಕೆಟ್‌ಗೆ, ಬ್ರಾಕೆಟ್‌ನಿಂದ ಬಾಡಿಗೆ ಹೋಗಬೇಕು. ಆ ದಾರಿ ಮುಚ್ಚಿದ್ದರೆ ಅದು ಕೇಬಲ್ಲಿನ ಹೊರಮೈ ಮೇಲೆಯೇ ಹರಿದು ನೇರ ನಿಮ್ಮ ಡ್ಯಾಶ್‌ಬೋರ್ಡಿಗೆ ಬರುತ್ತದೆ. ಆಗ ಕೇಬಲ್ಲೇ ಆಂಟೆನಾ ಆಗಿಬಿಡುತ್ತದೆ. ಗಾಡಿಯೊಳಗೆ ಕೇಬಲ್ಲನ್ನು ಅತ್ತಿತ್ತ ಸರಿಸಿದಾಗ, ಇಲ್ಲವೇ ಮೈಕ್ ಹಿಡಿದ ಕೈ ಬದಲಿಸಿದಾಗ ಮೀಟರಿನ ಮುಳ್ಳು ಅಲ್ಲಾಡಿದರೆ ಇದೇ ಆಗುತ್ತಿದೆ ಅಂತ ಅರ್ಥ. ಒಮ್ಮೆ ನೋಡಿ, ನಿಮ್ಮದೂ ಅಲ್ಲಾಡೀತು.

ಈಗ ಜೀಪಿನ ಹಿಂದೆ ಹೋಗಿ ನಿಂತುಕೊಂಡು ಕರೆಂಟಿನ ದಾರಿ ಎಣಿಸಿ. ಆಂಟೆನಾ ಬ್ರಾಕೆಟ್, ಅದು ಕೂತಿರುವ ಸ್ಟೆಪ್ನಿ ಸ್ಟ್ಯಾಂಡ್, ಸ್ಟ್ಯಾಂಡ್ ಕೂತಿರುವ ಹಿಂಬಾಗಿಲು, ಬಾಗಿಲಿನ ಎರಡು ಹಿಂಜ್, ಆಮೇಲೆ ಬಾಡಿ. ಬ್ರಾಕೆಟ್ ಮೇಲೆ ಕರಿ ಪೌಡರ್ ಕೋಟಿಂಗ್ ಇದೆ. ಸ್ಟ್ಯಾಂಡ್ ಮೇಲೆ ಪೇಂಟಿದೆ. ಬಾಗಿಲನ್ನು ಫ್ಯಾಕ್ಟರಿಯಲ್ಲಿ ಪೇಂಟ್ ಮಾಡಿದ್ದಾರೆ. ಹಿಂಜಿನೊಳಗೆ ಗ್ರೀಸು, ಧೂಳು, ಅರಿಜೋನಾದ ಮರಳು. ಪೌಡರ್ ಕೋಟಿಂಗ್ ಅನ್ನುವುದು ಒಂದು ತರಹ ಪ್ಲಾಸ್ಟಿಕ್ಕೇ, ಬೋಲ್ಟು ಎಷ್ಟೇ ಬಿಗಿ ಮಾಡಿದರೂ ಅದರ ಮೂಲಕ ಕರೆಂಟ್ ಹೋಗಲ್ಲ.

ಇಲ್ಲಿ ಕೆರೆಯುವ ಕೆಲಸ ಶುರು. ಬ್ರಾಕೆಟ್ ಬಿಚ್ಚಿ. ಅದು ಸ್ಟ್ಯಾಂಡಿಗೆ ತಾಗುವ ಜಾಗದಲ್ಲಿ, ಎರಡೂ ಕಡೆ, ಎಮರಿ ಪೇಪರ್‌ನಿಂದ ಒಂದು ನಾಣ್ಯದಗಲ ಉಜ್ಜಿ, ಬೆಳ್ಳಗೆ ಲೋಹ ಕಾಣಿಸಬೇಕು. ಬೋಲ್ಟಿನ ಸುತ್ತಲಿನ ಜಾಗ ಮಾತ್ರ ಸಾಕು, ಸುಮ್ನೆ ಇಡೀ ಬ್ರಾಕೆಟ್ ಕೆರೆದು ಹಾಳುಮಾಡಬೇಡಿ. ನಡುವೆ ಹಲ್ಲಿರುವ ಸ್ಟಾರ್ ವಾಷರ್ ಹಾಕಿ, ಅದು ಲೋಹವನ್ನು ಕಚ್ಚಿ ಹಿಡಿಯುತ್ತದೆ. ಬಿಗಿ ಮಾಡಿದ ಮೇಲೆ ಅಂಚಿಗೆಲ್ಲ ಸ್ವಲ್ಪ ಗ್ರೀಸ್ ಸವರಿ ಅಥವಾ ಟಚ್‌ಅಪ್ ಪೇಂಟ್ ಹಚ್ಚಿ, ಇಲ್ಲದಿದ್ದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಮತ್ತೆ ಅದೇ ಕಥೆ. ಆಮೇಲೆ ಹಿಂಬಾಗಿಲಿನಿಂದ ಬಾಡಿಗೆ, ಹಿಂಜನ್ನು ದಾಟಿಸಿ, ಹೆಣೆದ ತಾಮ್ರದ ಪಟ್ಟಿ ಹಾಕಿ. ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಗ್ರೌಂಡ್ ಸ್ಟ್ರಾಪ್ ಅಂದರೆ ಕೊಡುತ್ತಾರೆ. ಬಾಗಿಲು ಪೂರ್ತಿ ತೆಗೆದಾಗ ಎಳೆಯದಷ್ಟು ಸಡಿಲ ಇರಲಿ, ಅದಕ್ಕಿಂತ ಉದ್ದ ಬೇಡ.

ಪಟ್ಟಿಯೇ ಯಾಕೆ, ಒಂದು ವೈರು ಎಳೆದರೆ ಆಗಲ್ವಾ ಅಂತ ಕೇಳಬಹುದು. ಬಹಳ ಜನ ಆಂಟೆನಾ ಬುಡದಿಂದ ತೆಳು ವೈರನ್ನು ಎಲ್ಲೋ ದೂರದ ಚಾಸಿ ಬೋಲ್ಟಿಗೆ ಕಟ್ಟಿ, ಮಲ್ಟಿಮೀಟರಿನಲ್ಲಿ ಸೊನ್ನೆ ಓಮ್ ನೋಡಿ ಖುಷಿಪಡುತ್ತಾರೆ. ಮಲ್ಟಿಮೀಟರ್ ಅಳೆಯುವುದು ಬ್ಯಾಟರಿ ಕರೆಂಟಿಗೆ ಎಷ್ಟು ಅಡ್ಡಿ ಅಂತ. 27 ಮೆಗಾಹರ್ಟ್ಸ್‌ನಲ್ಲಿ ಲೆಕ್ಕವೇ ಬೇರೆ. ಒಂದು ಮೀಟರ್ ಉದ್ದದ ತೆಳು ವೈರಿಗೆ ಒಂದು ಮೈಕ್ರೋಹೆನ್ರಿಗೂ ಜಾಸ್ತಿ ಇಂಡಕ್ಟೆನ್ಸ್ ಇರುತ್ತದೆ, ಆ ಫ್ರೀಕ್ವೆನ್ಸಿಯಲ್ಲಿ ಅದು 150 ಓಮ್‌ಗೂ ಮೀರಿದ ಅಡ್ಡಿ. ನಿಮ್ಮ ಇಡೀ ಸಿಸ್ಟಮ್ಮೇ 50 ಓಮ್‌ನದು. ಆದ್ದರಿಂದ ಅಗಲವಾದದ್ದು, ಗಿಡ್ಡದ್ದು, ಹತ್ತಿರದ ಬಾಡಿಗೆ ನೇರವಾಗಿ ಕೂರುವಂಥದ್ದು ಬೇಕು.

ಎರಡನೆಯ ಅನುಮಾನ ಬುಡದ ಶಾರ್ಟ್. ಆಂಟೆನಾ ತಿರುಗಿಸಿ ಕೂರಿಸುವ ಸ್ಟಡ್ ಇದೆಯಲ್ಲ, ಅದನ್ನೊಮ್ಮೆ ಬಿಚ್ಚಿ ಭಾಗಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಡಿ. ಒಂದು ಬಿಳಿಯೋ ಕರಿಯೋ ಪ್ಲಾಸ್ಟಿಕ್ ವಾಷರ್ ಸಿಗುತ್ತದೆ, ಅದರ ಒಂದು ಮುಖದಲ್ಲಿ ಸಣ್ಣ ಕುತ್ತಿಗೆಯಂತೆ ಎದ್ದುಕೊಂಡಿರುತ್ತದೆ. ಆ ಕುತ್ತಿಗೆ ಬ್ರಾಕೆಟ್ಟಿನ ತೂತಿನೊಳಗೆ ಇಳಿದು ಕೂರಬೇಕು. ಕೇಬಲ್ಲಿನ ನಡುವಿನ ತಂತಿ ಸ್ಟಡ್ಡಿಗೆ, ಹೊರಗಿನ ಜಾಲರಿ ಬ್ರಾಕೆಟ್ಟಿಗೆ. ಇವೆರಡೂ ಒಂದಕ್ಕೊಂದು ತಾಗದಂತೆ ಕಾಯುವುದೇ ಆ ವಾಷರ್. ಅದನ್ನು ತಲೆಕೆಳಗು ಹಾಕಿದರೆ, ಕುತ್ತಿಗೆ ತೂತಿಗೆ ಇಳಿಯದೆ ಪಕ್ಕಕ್ಕೆ ಸರಿದರೆ, ಅಥವಾ ಸ್ಪ್ಯಾನರ್ ಹಾಕಿ ಜೋರಾಗಿ ತಿರುಗಿಸಿ ಅದು ಸೀಳಿದರೆ, ಸ್ಟಡ್ಡು ಬ್ರಾಕೆಟ್ಟಿಗೆ ತಾಗಿ ಎಲ್ಲ ಪವರ್ ಅಲ್ಲೇ ನೆಲ ಸೇರುತ್ತದೆ. ಕೆಲವು ಕಿಟ್‌ಗಳಲ್ಲಿ ಚಿತ್ರವೂ ಸರಿ ಇರಲ್ಲ, ಪ್ಯಾಕೆಟ್ಟಿನಲ್ಲಿ ಒಂದು ವಾಷರ್ ಮಿಕ್ಕಿತು ಅಂತ ಬಿಸಾಡಿದವರೂ ಇದ್ದಾರೆ.

ಪರೀಕ್ಷೆ ಸುಲಭ. ಕೋಲು ಬಿಚ್ಚಿ, ರೇಡಿಯೋ ಹಿಂದಿನ ಪ್ಲಗ್ಗೂ ಬಿಚ್ಚಿ, ಮಲ್ಟಿಮೀಟರ್ ತಗೊಳ್ಳಿ. ಪ್ಲಗ್ಗಿನ ನಡುವಿನ ಪಿನ್ನಿನಿಂದ ಸ್ಟಡ್ಡಿಗೆ ಬೀಪ್ ಬರಬೇಕು. ಪ್ಲಗ್ಗಿನ ಹೊರಗಿನ ಬಳೆಯಿಂದ ಬ್ರಾಕೆಟ್ಟಿಗೆ ಬೀಪ್ ಬರಬೇಕು. ನಡುವಿನ ಪಿನ್ನಿಗೂ ಹೊರಗಿನ ಬಳೆಗೂ ಬರಲೇಬಾರದು. ಬಂದರೆ ವಾಷರ್ ನೋಡಿ, ಅದು ಸರಿ ಇದ್ದರೆ ಪ್ಲಗ್ಗಿನ ಬೆಸುಗೆ ಹತ್ತಿರ ಜಾಲರಿಯ ಒಂದೆಳೆ ಪಿನ್ನಿಗೆ ತಾಗಿದೆಯಾ ನೋಡಿ. ಕೊನೆಗೆ ಬ್ರಾಕೆಟ್ಟಿನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆಯಿರಿ, ಒಂದು ಓಮ್‌ಗಿಂತ ಕಡಿಮೆ ಇರಬೇಕು. ಮೀಟರಿನ ಎರಡು ಕಡ್ಡಿಗಳನ್ನು ಮೊದಲೇ ಒಂದಕ್ಕೊಂದು ತಾಗಿಸಿ ಅವುಗಳದ್ದೇ ಎಷ್ಟು ತೋರಿಸುತ್ತೆ ನೋಡಿಕೊಂಡು ಅದನ್ನು ಕಳೆಯಿರಿ. ಇದರಲ್ಲಿ ಫೇಲ್ ಆದರೆ ತೊಂದರೆ ಖಂಡಿತ ಇದೆ. ಪಾಸಾದರೆ ಪೂರ್ತಿ ಸರಿ ಇದೆ ಅಂತಲ್ಲ, ಮೇಲೆ ಹೇಳಿದ ತೆಳು ವೈರಿನ ಕಾರಣಕ್ಕೆ.

ಹಾಗೇ ಕೇಬಲ್ ಕಟ್ಟಿನ ಮೇಲೆ ‘ನೋ ಗ್ರೌಂಡ್ ಪ್ಲೇನ್’ ಅಂತ ಬರೆದಿತ್ತಾ ಒಮ್ಮೆ ನೋಡಿ. ಬಾಡಿಯಲ್ಲಿ ಲೋಹವಿಲ್ಲದ ಫೈಬರ್ ಗಾಡಿಗಳಿಗೆ, ದೋಣಿಗಳಿಗೆ ಬೇರೆಯದೇ ತರಹದ ಕಿಟ್ ಬರುತ್ತದೆ. ಅದರ ಕೇಬಲ್ಲೂ ಕೋಲೂ ಜೋಡಿ. ಅದರ ಕೇಬಲ್ಲಿಗೆ ಮಾಮೂಲಿ ಕೋಲು ಸಿಕ್ಕಿಸಿದರೆ ನೀವು ಎಷ್ಟು ಪೇಂಟು ಕೆರೆದರೂ ಮುಳ್ಳು ಕೆಳಗಿಳಿಯಲ್ಲ.

ಕೇಬಲ್ ವಿಷಯ. ನಿಮ್ಮದು ಆರ್‌ಜಿ-58 ಅಥವಾ ಆರ್‌ಜಿ-8ಎಕ್ಸ್ ಆಗಿದ್ದರೆ ಬದಲಿಸಬೇಡಿ, ಎರಡೂ 50 ಓಮ್ ಕೇಬಲ್ಲೇ. 18 ಅಡಿ ಆರ್‌ಜಿ-58ರಲ್ಲಿ ಈ ಫ್ರೀಕ್ವೆನ್ಸಿಗೆ ಅರ್ಧ ಡೆಸಿಬೆಲ್ಲೂ ನಷ್ಟವಾಗಲ್ಲ, ಕಿವಿಗೆ ಅದು ಗೊತ್ತೇ ಆಗಲ್ಲ. ದುಬಾರಿ ಕೇಬಲ್ ಮಾರುವವರು ಏನೇ ಹೇಳಲಿ, ಇಷ್ಟು ಗಿಡ್ಡ ದಾರಿಗೆ ಅದು ದುಡ್ಡು ದಂಡ. ಮೈ ಮೇಲೆ ಆರ್‌ಜಿ-59 ಅಂತ ಅಚ್ಚಾಗಿದ್ದರೆ ಮಾತ್ರ ತೆಗೆಯಿರಿ, ಅದು 75 ಓಮ್, ಎರಡು ಆಂಟೆನಾ ಜೋಡಿಸುವ ಕಿಟ್‌ಗೆ ಬಳಸುವಂಥದ್ದು. ಎರಡು ಆಂಟೆನಾ ಹಾಕಿದರೆ ಇನ್ನೂ ದೂರ ಹೋಗುತ್ತೆ ಅನ್ನುವ ಆಸೆಯೂ ಬೇಡ. ಅವೆರಡರ ನಡುವೆ ಕಾಲು ಅಲೆ, ಅಂದರೆ ಒಂಬತ್ತು ಅಡಿಯಷ್ಟಾದರೂ ಜಾಗ ಬೇಕು. ದೊಡ್ಡ ಟ್ರಕ್ಕಿನ ಕನ್ನಡಿಗಳಿಗೆ ಕಟ್ಟಿದಾಗಲೇ ಅಷ್ಟು ಸಿಗುವುದು ಕಷ್ಟ, ನಿಮ್ಮ ಜೀಪಿನ ಅಗಲ ಆರಡಿ ಚಿಲ್ಲರೆ.

ಉಳಿದ ಕೇಬಲ್ಲನ್ನು ಸೀಟಿನ ಕೆಳಗೆ ಸುತ್ತಿಟ್ಟಿದ್ದೇನೆ ಅಂದಿರಿ. ಬಳೆಯಂತೆ ಬಿಗಿಯಾಗಿ ದುಂಡಗೆ ಸುತ್ತಿದ್ದರೆ ಬಿಚ್ಚಿ. ಒಂದಡಿ ಉದ್ದಕ್ಕೆ ಎಂಟರ ಆಕಾರದಲ್ಲಿ ಸಡಿಲವಾಗಿ ಹಾಕಿ ನಡುವೆ ಒಂದು ಜಿಪ್ ಟೈ ಕಟ್ಟಿದರೆ ಸಾಕು. ಕತ್ತರಿಸಿ ಗಿಡ್ಡ ಮಾಡುವುದು ಬೇಡವೇ ಅಂದರೆ, ಪಿಎಲ್-259 ಪ್ಲಗ್ಗನ್ನು ಅಚ್ಚುಕಟ್ಟಾಗಿ ಬೆಸೆಯುವ ಕೈ ಇದ್ದರೆ ಕತ್ತರಿಸಿ, ತಪ್ಪಿಲ್ಲ. ಬೆಸುಗೆ ಕೆಟ್ಟರೆ ಹೊಸ ತಲೆನೋವು, ಅಷ್ಟೇ. ‘18 ಅಡಿಯೇ ಇರಬೇಕು’ ಅನ್ನುವ ನಿಯಮ ಏನೂ ಇಲ್ಲ. ಆಂಟೆನಾ ಮತ್ತು ಗ್ರೌಂಡು (ಅಂದರೆ ಬಾಡಿಯ ಜೊತೆಗಿನ ಸಂಪರ್ಕ) ಸರಿ ಇದ್ದರೆ ಕೇಬಲ್ ಉದ್ದ ಬದಲಾದಾಗ ಎಸ್‌ಡಬ್ಲ್ಯುಆರ್ ಹೆಚ್ಚೇನೂ ಕುಣಿಯಬಾರದು. ಕುಣಿದರೆ ರೋಗ ಬೇರೆ ಕಡೆ ಇದೆ.

ಕೇಬಲ್ ಎಳೆದ ದಾರಿ ಬಗ್ಗೆ ನೀವು ಬರೆದಿಲ್ಲ. ಹಿಂಬಾಗಿಲಿನ ಸಂದಿಯಿಂದ ಹಾಗೇ ಒಳಗೆ ತೂರಿಸಿದ್ದರೆ ದಯವಿಟ್ಟು ತೆಗೆಯಿರಿ. ಬಾಗಿಲು ಪ್ರತಿಸಲ ಹಾಕಿದಾಗಲೂ ಕೇಬಲ್ ಅಪ್ಪಚ್ಚಿಯಾಗುತ್ತದೆ. ಒಳಗಿನ ಬಿಳಿ ಪ್ಲಾಸ್ಟಿಕ್ ಸರಿದು ನಡುವಿನ ತಂತಿ ಜಾಲರಿಗೆ ಹತ್ತಿರವಾಗುತ್ತದೆ, ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತೆ. ಜೆಕೆಯ ನೆಲದಲ್ಲಿ ನೀರು ಬಸಿಯಲು ರಬ್ಬರ್ ಮುಚ್ಚಳದ ತೂತುಗಳಿವೆ. ಹಿಂದಿನ ಒಂದರ ಮುಚ್ಚಳಕ್ಕೆ ಕೇಬಲ್ ಗಾತ್ರದ ತೂತು ಕೊರೆದು ಅಲ್ಲಿಂದ ಒಳಗೆ ತಂದರೆ ಬಾಡಿಗೆ ಡ್ರಿಲ್ ಹಾಕುವ ಪ್ರಮೇಯವೇ ಇಲ್ಲ. ಪ್ಲಗ್ ದಪ್ಪ ಇರುವುದರಿಂದ ತುದಿ ಬಿಚ್ಚುವಂಥ ಕೇಬಲ್ ಆದರೆ ಒಳ್ಳೆಯದು, ಇಲ್ಲದಿದ್ದರೆ ರಬ್ಬರನ್ನು ಒಂದು ಕಡೆ ಸೀಳಿ ಕೂರಿಸಿ ಸಿಲಿಕೋನ್ ಹಚ್ಚಿ. ತೂತಿಗೆ ಬರುವ ಮೊದಲು ಕೇಬಲ್ಲನ್ನು ಸ್ವಲ್ಪ ಕೆಳಗೆ ಜೋಲು ಬಿಟ್ಟು ಮೇಲೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಹರಿಯಲ್ಲ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಒಳಗೆ ಬಂದ ಮೇಲೆ ಕಾರ್ಪೆಟ್ ಕೆಳಗೆ, ಬಾಗಿಲ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಮುಂದಕ್ಕೆ ಎಳೆಯಿರಿ. ಸೀಟಿನ ಹಳಿಯ ಹತ್ತಿರ ಬೇಡ, ಸೀಟು ಹಿಂದೆಮುಂದೆ ಮಾಡಿದಾಗ ಕತ್ತರಿಸುತ್ತದೆ. ಹಿಂಬಾಗಿಲಿನ ಮೇಲಿನ ಭಾಗದಲ್ಲಿ ಹಿಂಜಿನ ಪಕ್ಕ ಸಡಿಲು ಬಿಡುವುದನ್ನು ಮರೆಯಬೇಡಿ.

ಪವರ್ ಅನ್ನು ಸಿಗರೇಟ್ ಲೈಟರಿನಿಂದ ತೆಗೆದು ನೇರ ಬ್ಯಾಟರಿಗೆ ಹಾಕಿ. ಸಿಬಿ ಸೆಟ್ಟು ಎಳೆಯುವುದು ಎರಡು ಆಂಪಿಯರ್ ಆಸುಪಾಸು, ಅದಕ್ಕೆ ಲೈಟರ್ ಸಾಕೇಸಾಕು. ಆದರೆ ಕಲ್ಲುದಾರಿಯಲ್ಲಿ ಗಾಡಿ ಕುಲುಕಿದಾಗ ಆ ಪ್ಲಗ್ಗು ಅಲ್ಲಾಡುತ್ತದೆ. ಕೇಳುವಾಗ ಕಡಿಮೆ ಕರೆಂಟ್ ಬೇಕಾದ್ದರಿಂದ ಗೊತ್ತಾಗಲ್ಲ, ಮಾತಾಡಲು ಗುಂಡಿ ಒತ್ತಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಜೊತೆಗೆ ಅದೇ ಲೈನಿನಲ್ಲಿ ಫೋನ್ ಚಾರ್ಜರ್ ಇದ್ದರೆ ಅದರ ಗಲಾಟೆಯೂ ಸೇರುತ್ತದೆ. ಕೆಂಪು, ಕಪ್ಪು ಎರಡೂ ವೈರನ್ನು ಬ್ಯಾಟರಿವರೆಗೆ ಒಯ್ಯಿರಿ, ಎರಡಕ್ಕೂ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ. ಎಂಜಿನ್ ಕಡೆಯಿಂದ ಒಳಗೆ ತರುವಾಗ ಇರುವ ರಬ್ಬರ್ ಗ್ರಾಮೆಟ್ಟಿನಿಂದಲೇ ತನ್ನಿ, ಬರೀ ತಗಡಿನ ಅಂಚಿಗೆ ಉಜ್ಜಿದರೆ ಒಂದಲ್ಲ ಒಂದು ದಿನ ಇನ್ಸುಲೇಷನ್ ಹೋಗುತ್ತದೆ. ಇದರ ಜೊತೆಗೇ ಒಂದು ಚಿಕ್ಕ ವಿಷಯ ನೋಡಿ: ಸೆಟ್ಟಿನಲ್ಲಿ ಮೈಕಿನ ದನಿ ಹೆಚ್ಚುಕಡಿಮೆ ಮಾಡುವ ಮೈಕ್ ಗೇನ್ ಅಂತ ಗುಂಡಿ ಇದ್ದರೆ ಪೂರ್ತಿ ಕೆಳಗೆ ಇದೆಯಾ? ಸಿಬಿ–ಪಿಎ ಸ್ವಿಚ್ ಸಿಬಿ ಕಡೆಯೇ ಇದೆಯಾ? ಪಿಎ ಕಡೆ ಇದ್ದರೆ ದನಿ ಧ್ವನಿವರ್ಧಕಕ್ಕೆ ಹೋಗುತ್ತದೆ, ಆಂಟೆನಾಗಲ್ಲ. ನಗಬೇಡಿ, ಎಲ್ಲ ಬಿಚ್ಚಿ ಜೋಡಿಸಿದ ಮೇಲೆ ಇದು ಕಾಣಿಸುವುದು ಮಾಮೂಲು.

ಇಷ್ಟಾದ ಮೇಲೆ ಟ್ಯೂನಿಂಗ್. ಜನ ಇದನ್ನೇ ಮೊದಲು ಮಾಡಲು ಹೋಗುತ್ತಾರೆ, ಗ್ರೌಂಡಿಲ್ಲದ ಆಂಟೆನಾದ ತುದಿ ತಿರುಗಿಸಿ ತಿರುಗಿಸಿ ಸಾಕಾಗುತ್ತಾರೆ. ಸ್ಪ್ರಿಂಗು, ಬೇಗ ಬಿಚ್ಚುವ ಕ್ವಿಕ್ ಡಿಸ್ಕನೆಕ್ಟ್ ಏನು ಹಾಕಬೇಕು ಅಂತಿದ್ದೀರೋ ಅದನ್ನೆಲ್ಲ ಈಗಲೇ ಹಾಕಿಬಿಡಿ, ಅವೂ ಉದ್ದಕ್ಕೆ ಸೇರುತ್ತವೆ. ಕ್ವಿಕ್ ಡಿಸ್ಕನೆಕ್ಟ್ ಹಾಕಿಸಿಕೊಳ್ಳಿ ಅಂತಲೇ ನನ್ನ ಸಲಹೆ. ಬುಡ ನೆಲದಿಂದ ನಾಲ್ಕಡಿ, ಕೋಲು ನಾಲ್ಕಡಿ, ಒಟ್ಟು ಎಂಟು, ಅಮೆರಿಕದ ಮನೆಗಳ ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ ಏಳಡಿ.

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ. ಗ್ಯಾರೇಜಿನೊಳಗೆ, ಗೋಡೆ ಪಕ್ಕ, ವಿದ್ಯುತ್ ತಂತಿ ಕೆಳಗೆ ಬೇಡ. ಬಾಗಿಲು, ಬಾನೆಟ್ ಎಲ್ಲ ಮುಚ್ಚಿ, ಆಂಟೆನಾ ಹತ್ತಿರ ಯಾರೂ ನಿಲ್ಲಬಾರದು. ಮೀಟರನ್ನು ರೇಡಿಯೋ ಮತ್ತು ಕೇಬಲ್ ನಡುವೆ ಹಾಕಿ, ರೇಡಿಯೋ ಕಡೆಯ ಸಾಕೆಟ್ ಯಾವುದು, ಆಂಟೆನಾ ಕಡೆಯದು ಯಾವುದು ಅಂತ ನೋಡಿಕೊಳ್ಳಿ, ಅದಲುಬದಲಾದರೆ ಓದು ತಪ್ಪು. ಮೊದಲು ಕಿವಿಗೊಟ್ಟು ಚಾನೆಲ್ ಖಾಲಿ ಇದೆಯಾ ಕೇಳಿ. ಸ್ವಿಚ್ಚನ್ನು ಫಾರ್ವರ್ಡ್ ಕಡೆ ಇಟ್ಟು ಗುಂಡಿ ಒತ್ತಿ, ಮುಳ್ಳನ್ನು ಸೆಟ್ ಗೆರೆಗೆ ತನ್ನಿ, ರಿಫ್ಲೆಕ್ಟೆಡ್ ಕಡೆ ತಿರುಗಿಸಿ ಓದಿ, ಬಿಡಿ. ನಾಲ್ಕೈದು ಸೆಕೆಂಡ್ ಸಾಕು. ಚಾನೆಲ್ ಬದಲಿಸಿದಾಗಲೆಲ್ಲ ಮತ್ತೆ ಸೆಟ್ ಗೆರೆಗೆ ತರಬೇಕು. 1, 19, 40, ಈ ಮೂರನ್ನು ನೋಡಿ. 9ನೇ ಚಾನೆಲ್ ತುರ್ತಿನದು, ಅಲ್ಲಿ ಪ್ರಯೋಗ ಬೇಡ.

ಈಗ ಲೆಕ್ಕ ಸರಳ. 40ನೇ ಚಾನೆಲ್ಲಿನಲ್ಲಿ 1ನೇ ಚಾನೆಲ್ಲಿಗಿಂತ ಜಾಸ್ತಿ ತೋರಿಸಿದರೆ ಆಂಟೆನಾ ಉದ್ದವಾಗಿದೆ, ತುದಿಯ ಸ್ಕ್ರೂ ಒಳಗೆ ತಿರುಗಿಸಿ. 1ನೇ ಚಾನೆಲ್ಲಿನಲ್ಲಿ ಜಾಸ್ತಿ ಇದ್ದರೆ ಗಿಡ್ಡವಾಗಿದೆ, ಹೊರಗೆ ತಿರುಗಿಸಿ. ಉದಾಹರಣೆಗೆ 1ರಲ್ಲಿ 1.4, 40ರಲ್ಲಿ 2.3 ಬಂತು ಅನ್ನಿ, ಒಂದೆರಡು ಸುತ್ತು ಒಳಗೆ, ಮತ್ತೆ ಅಳತೆ. ಎರಡೂ ತುದಿ ಹೆಚ್ಚುಕಡಿಮೆ ಸಮವಾಗಿ, ನಡುವೆ 19ರಲ್ಲಿ ಅತಿ ಕಡಿಮೆ ಬಂದರೆ ಮುಗಿಯಿತು. ಸ್ಕ್ರೂ ಪೂರ್ತಿ ಒಳಗೆ ಹೋದರೂ ಇನ್ನೂ ಉದ್ದವೇ ತೋರಿಸಿದರೆ ಸ್ಪ್ರಿಂಗ್ ತೆಗೆಯಿರಿ. ಪೂರ್ತಿ ಹೊರಗೆ ಬಂದರೂ ಗಿಡ್ಡವೇ ಅಂದರೆ ಸ್ಪ್ರಿಂಗ್ ಹಾಕಿ. ತುದಿ ತಿರುಗದ ಮಾದರಿ ಆದರೆ ಮೇಲಿನ ತಂತಿಯನ್ನು ಕಾಲು ಇಂಚಿನಂತೆ ಕತ್ತರಿಸುತ್ತಾ ಬರಬೇಕು, ಅದಕ್ಕೆ ತಾಳ್ಮೆ ಬೇಕು, ಕತ್ತರಿಸಿದ್ದನ್ನು ಅಂಟಿಸಲಾಗಲ್ಲ.

1.1 ಬರಲೇಬೇಕು ಅಂತ ಹಠ ಹಿಡಿದು ಅರ್ಧ ದಿನ ಕಳೆಯುವವರಿಗೆ ಒಂದು ಮಾತು. ಎಸ್‌ಡಬ್ಲ್ಯುಆರ್ 1.5 ಇದ್ದರೆ ವಾಪಸ್ ಬರುವುದು ನೂರಕ್ಕೆ 4 ಭಾಗ, 2 ಇದ್ದರೆ 11, 3 ಇದ್ದರೆ 25. ಮೂರೂ ಚಾನೆಲ್‌ನಲ್ಲಿ 2ರ ಕೆಳಗೆ ಇದ್ದರೆ ನೆಮ್ಮದಿಯಾಗಿ ಮಾತಾಡಿ. ಹಾಗಾದರೆ 3 ಇದ್ದಾಗಲೂ ಮುಕ್ಕಾಲು ಭಾಗ ಹೊರಗೆ ಹೋಗಬೇಕಿತ್ತಲ್ಲ, ನನ್ನದು ಅರ್ಧ ಮೈಲಿಗೇ ಯಾಕೆ ಸಾಯುತ್ತಿದೆ ಅಂತ ನೀವು ಕೇಳಬೇಕು. ‘3ಕ್ಕಿಂತ ಜಾಸ್ತಿ’ ಅಂದರೆ 3.2 ಇರಬಹುದು, 20ಕ್ಕೂ ಮೀರಿರಬಹುದು, ಕೆಂಪು ಪಟ್ಟಿ ದಾಟಿದ ಮೇಲೆ ಆ ಸಣ್ಣ ಮೀಟರ್ ಹೇಳುವುದನ್ನು ನಂಬುವ ಹಾಗಿಲ್ಲ. ಮೇಲಾಗಿ ಎಸ್‌ಡಬ್ಲ್ಯುಆರ್ ಹೇಳುವುದು ಎಷ್ಟು ವಾಪಸ್ ಬಂತು ಅಂತ ಮಾತ್ರ. ಹೋದದ್ದು ಕೋಲಿನಿಂದ ಗಾಳಿಗೆ ಹೋಯಿತೋ, ಕೇಬಲ್ಲಿನ ಹೊರಮೈಯಿಂದ ಸೀಟಿನ ಕೆಳಗೆ ಹೋಯಿತೋ, ಅದಕ್ಕೆ ಗೊತ್ತಿಲ್ಲ. ಕೇಳಿಸುವುದಕ್ಕೆ ಇಷ್ಟೆಲ್ಲ ಬೇಡ, ಹತ್ತಿರದ ಗಾಡಿಯವರು ನಾಲ್ಕು ವಾಟಿನಲ್ಲಿ ಮಾತಾಡುತ್ತಿದ್ದರೆ ಕೆಟ್ಟ ಆಂಟೆನಾದಲ್ಲೂ ಕೇಳಿಸುತ್ತದೆ.

ಕೋಲಿನ ಜಾಗದ ಬಗ್ಗೆ ಇಷ್ಟು: ಅನೇಕ ಫೈಬರ್ ಕೋಲುಗಳಲ್ಲಿ ವೈರಿನ ಸುತ್ತು ಮೇಲ್ಭಾಗದಲ್ಲಿ ಒತ್ತಾಗಿರುತ್ತದೆ, ಆ ಭಾಗ ಗಾಡಿಯ ಛಾವಣಿಗಿಂತ ಮೇಲಿರಬೇಕು. ನಾಲ್ಕಡಿ ಕೋಲಿಗೆ ಸ್ಟೆಪ್ನಿ ಎತ್ತರದಿಂದ ಅದು ಸಿಗುತ್ತದೆ. ಎರಡಡಿ ಕೋಲು ಚೆಂದ ಕಾಣುತ್ತೆ ಅಂತ ತಗೊಂಡಿದ್ದರೆ ಸಿಗುತ್ತಿರಲಿಲ್ಲ. ಹಿಂದಿನ ಎಡ ಮೂಲೆಯಲ್ಲಿ ಹಾಕಿದ ಆಂಟೆನಾ ಮುಂದಿನ ಬಲಗಡೆಗೆ ಸ್ವಲ್ಪ ಜೋರಾಗಿ ಕೇಳಿಸುತ್ತದೆ, ಲೋಹ ಆ ಕಡೆ ಜಾಸ್ತಿ ಇರುವುದರಿಂದ. ನೀವು ಸಾಲಿನಲ್ಲಿ ಕೊನೆಯ ಗಾಡಿಯಾದರೆ ಅದು ಒಳ್ಳೆಯದೇ. ಅಯಸ್ಕಾಂತದ ಆಂಟೆನಾ ಹಾಕಬಹುದಿತ್ತಲ್ಲ ಅಂತ ಯಾರಾದರೂ ಹೇಳಿಯಾರು. ರ‍್ಯಾಂಗ್ಲರ್‌ನ ಗಟ್ಟಿ ಛಾವಣಿ ಫೈಬರ್‌ಗ್ಲಾಸಿನದು, ಅದಕ್ಕೆ ಅಂಟಲ್ಲ. ಹೊಸ ರ‍್ಯಾಂಗ್ಲರ್ ಮಾದರಿ ಜೆಎಲ್‌ನ ಬಾನೆಟ್ ಅಲ್ಯೂಮಿನಿಯಂ, ಅದಕ್ಕೂ ಅಂಟಲ್ಲ.

ಎಂಜಿನ್ ಶುರು ಮಾಡಿದಾಗ ಗುಂಯ್ ಅನ್ನುವ ಸದ್ದು ಬಂದು, ಆಕ್ಸಿಲರೇಟರ್ ಒತ್ತಿದಂತೆ ಸ್ವರ ಏರಿದರೆ ಅದು ಆಲ್ಟರ್ನೇಟರಿನದು, ಬ್ಯಾಟರಿಗೆ ನೇರ ವೈರು ಹಾಕಿದರೆ ಬಹುಪಾಲು ಹೋಗುತ್ತದೆ. ಎಲ್‌ಇಡಿ ಲೈಟ್ ಬಾರ್ ಹಾಕಿದ್ದರೆ ಅದನ್ನೊಮ್ಮೆ ಆರಿಸಿ ನೋಡಿ. ಅಗ್ಗದ ಎಲ್‌ಇಡಿ ಡ್ರೈವರ್‌ಗಳಷ್ಟು ಸಿಬಿಯ ಶತ್ರು ಇನ್ನೊಂದಿಲ್ಲ.

ಎಷ್ಟು ದೂರ ಸಿಗುತ್ತೆ? ಕಾನೂನು ಪ್ರಕಾರ ಎಎಮ್‌ನಲ್ಲಿ 4 ವಾಟ್. ಬಯಲಿನಲ್ಲಿ ಗಾಡಿಯಿಂದ ಗಾಡಿಗೆ ಮೂರ್ನಾಲ್ಕು ಮೈಲಿ ಧಾರಾಳ. ಮೋಆಬ್‌ನ ಕೆಂಪು ಬಂಡೆಗಳ ನಡುವೆ ಒಂದು ತಿರುವು ದಾಟಿದರೆ ಕಡಿಮೆಯಾಗುತ್ತದೆ, ಅದಕ್ಕೆ ಆಂಟೆನಾ ಜವಾಬ್ದಾರಿ ಅಲ್ಲ. ಪವರ್ ಹೆಚ್ಚಿಸುವ ಲೀನಿಯರ್ ಆಂಪ್ಲಿಫೈಯರ್ ಹಾಕಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದು ಅಮೆರಿಕದಲ್ಲಿ ಕಾನೂನುಬಾಹಿರ. ಕೆಲವು ಹಗಲು ಸಾವಿರಾರು ಮೈಲಿ ದೂರದ ದನಿಗಳು ಕೇಳಿಸಬಹುದು, ಸೂರ್ಯನ ಚಟುವಟಿಕೆ ಜೋರಾಗಿದ್ದಾಗ ಈ ಅಲೆಗಳು ಮೇಲಿನ ಅಯಾನುಗೋಳಕ್ಕೆ ಬಡಿದು ವಾಪಸ್ ಬರುತ್ತವೆ. ಆಗ ಪಕ್ಕದ ಗಾಡಿಯ ಮಾತೇ ಆ ಗದ್ದಲದಲ್ಲಿ ಮುಳುಗುತ್ತದೆ, ಚಾನೆಲ್ ಬದಲಿಸುವುದೊಂದೇ ದಾರಿ.

ನೀವು ಕೇಳದ ಒಂದು ವಿಷಯ. ನಿಮ್ಮ ಗುಂಪಿನವರೆಲ್ಲ ನಿಜವಾಗಿಯೂ ಸಿಬಿಯಲ್ಲೇ ಇದ್ದಾರಾ ಅಂತ ಮತ್ತೊಮ್ಮೆ ಕೇಳಿ. ಅಮೆರಿಕದ ಆಫ್‌ರೋಡ್ ಮಂದಿಯಲ್ಲಿ ಬಹಳ ಜನ ಈಗ ಜಿಎಂಆರ್‌ಎಸ್ ಅನ್ನುವ ಇನ್ನೊಂದು ಬಗೆಯ ರೇಡಿಯೋ ಸೇವೆಗೆ ಹೋಗಿದ್ದಾರೆ. ಅದಕ್ಕೆ ಲೈಸೆನ್ಸ್ ಬೇಕು, ಪರೀಕ್ಷೆ ಇಲ್ಲ, 35 ಡಾಲರ್ ಕಟ್ಟಿದರೆ 10 ವರ್ಷ, ಮನೆಯವರಿಗೆಲ್ಲ ಅದೇ ನಡೆಯುತ್ತದೆ. ದನಿ ಸ್ವಚ್ಛವಾಗಿರುತ್ತದೆ. 462 ಮೆಗಾಹರ್ಟ್ಸ್ ಆದ್ದರಿಂದ ಕಾಲು ಅಲೆ ಆರಿಂಚು ಚಿಲ್ಲರೆ ಅಷ್ಟೇ, ಈ ನಾಲ್ಕಡಿ ಕೋಲಿನ ರಗಳೆಯೇ ಇಲ್ಲ. ಸಿಬಿ ಆಂಟೆನಾಗೆ ಜಿಎಂಆರ್‌ಎಸ್ ಸೆಟ್ ಸಿಕ್ಕಿಸುವ ಯೋಚನೆ ಮಾತ್ರ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಹೊಸದಾಗಿ ದುಡ್ಡು ಹಾಕುವವರಿಗೆ ಇವತ್ತು ಜಿಎಂಆರ್‌ಎಸ್ ಅನ್ನೇ ಹೇಳುತ್ತೇನೆ. ನೀವು ಹಾಕಿಯಾಗಿದೆ, ಗುಂಪು ಸಿಬಿಯಲ್ಲಿದೆ, ಅಂದಮೇಲೆ ಇದನ್ನೇ ಸರಿ ಮಾಡಿಕೊಳ್ಳಿ.

ತಮ್ಮನ ಥಾರ್‌ಗೆ ಈ ಸೆಟ್ಟು ಬೇಡ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಿಟ್ಟಿರುವ ಸಿಟಿಜನ್ ಬ್ಯಾಂಡ್ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ಮಾತ್ರ, ಪವರ್ 5 ವಾಟ್ ಒಳಗೆ. ಅಮೆರಿಕದ ಸೆಟ್ಟಿನ 28ನೇ ಚಾನೆಲ್ 27.285ರಲ್ಲಿದೆ, ಅಲ್ಲಿಂದ 40ರವರೆಗೆ ಎಲ್ಲವೂ ಆ ಗೆರೆಯ ಹೊರಗೆ. ಉಪಕರಣ ತರಿಸಿಕೊಳ್ಳಲು ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗವಾದ ಡಬ್ಲ್ಯುಪಿಸಿಯ ಅನುಮೋದನೆಯ ವಿಷಯವೂ ಇದೆ. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದು ಕಸ್ಟಮ್ಸ್‌ನಲ್ಲಿ ಉತ್ತರ ಕೊಡುವ ಕೆಲಸ ಯಾಕೆ?

ಹೊರಡುವ ಹಿಂದಿನ ವಾರ ಗೆಳೆಯರೊಬ್ಬರ ಗಾಡಿಯನ್ನು ಒಂದೆರಡು ಮೈಲಿ ದೂರ ಕಳಿಸಿ ಮಾತಾಡಿ ನೋಡಿ. ಆಂಟೆನಾ ತುದಿಯ ಲಾಕ್ ನಟ್ ಬಿಗಿ ಮಾಡಿ, ಮಾರ್ಕರ್‌ನಿಂದ ನಟ್ಟಿನ ಮೇಲೂ ಕೋಲಿನ ಮೇಲೂ ಸೇರುವಂತೆ ಒಂದು ಗೆರೆ ಎಳೆಯಿರಿ. ಮೋಆಬ್‌ನಲ್ಲಿ ಮೊದಲ ದಿನ ಮುಗಿದ ಮೇಲೆ ಗೆರೆ ಸರಿದಿದೆಯಾ ನೋಡಿ, ಬ್ರಾಕೆಟ್ಟಿನ ಬೋಲ್ಟಿಗೂ ಸ್ಪ್ಯಾನರ್ ತಾಗಿಸಿ. ಛಾವಣಿ ಮೇಲೆ ಕ್ಯಾರಿಯರ್ ಹಾಕಿದರೆ, ಆಂಟೆನಾ ಪಕ್ಕ ಜೆರ‍್ರಿಕ್ಯಾನ್ ಕಟ್ಟಿದರೆ ಹತ್ತಿರ ಹೊಸ ಲೋಹ ಬಂದಂತೆ, ಟ್ಯೂನಿಂಗ್ ಸರಿಯುತ್ತದೆ. ಆದ್ದರಿಂದ ಮೀಟರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಸಾಮಾನು ಪೂರ್ತಿ ಹೇರಿದ ಮೇಲೆ ಇನ್ನೊಮ್ಮೆ ಮೂರೂ ಚಾನೆಲ್ ಅಳೆದುಕೊಳ್ಳಿ.